ಸ್ವಾತಿ ನೆತ್ತಿ ಮೇಲೆ ಬಂದ್ರೆ ನಾವು ಎಲ್ಲಿದ್ದೀವಿ?

ಸಮುದ್ರ ದಾಟಿ ಹೊಸ ನೆಲ ಮುಟ್ಟಿದವರು ಅಂದ ಕೂಡಲೇ ನಮಗೆ ನೆನಪಾಗೋದು ಕೊಲಂಬಸ್, ವಾಸ್ಕೋ ಡ ಗಾಮ. ಕಲಬುರಗಿಗೂ ಸಮುದ್ರಕ್ಕೂ ಏನ್ ಸಂಬಂಧ ಅಂತೀರಾ? ಗಾಮ 1498ರಲ್ಲಿ ಕೇರಳ ತಲುಪುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಹಾರ್ಮುಜ್‌ನಲ್ಲಿ ಹಡಗು ಹತ್ತಿ, ಮಾರಲಿಕ್ಕೆ ಒಂದು ಕುದುರೆ ತಗೊಂಡು, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಂದ ಬಹಮನಿಗಳ ಬೀದರಿಗೆ ಬಂದ. ಅವನ ಬರಹದಲ್ಲಿ ಕಲಬುರಗಿ, ಆಳಂದ ಎರಡೂ ಹೆಸರು ಸಿಗುತ್ತವೆ. ಪಾಪ, ವಾಪಸ್ ಹೋಗುವಾಗ ಊರು ಮುಟ್ಟುವ ಮೊದಲೇ ತೀರಿಕೊಂಡ.

ಜಿಪಿಎಸ್ ಇಲ್ಲದೆ ನಡುನೀರಿನಲ್ಲಿ ದಾರಿ ಹೇಗೆ ಗೊತ್ತಾಗ್ತಿತ್ತು? ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಎರಡು ಅನ್‌ನೋನ್ ಇರುವ ಪ್ರಾಬ್ಲಮ್: ಅಕ್ಷಾಂಶ, ರೇಖಾಂಶ. ರೇಖಾಂಶಕ್ಕೆ ಸರಿಯಾದ ಗಡಿಯಾರ ಬೇಕು. ಹಡಗಿನ ಕುಲುಕಾಟ ತಡೆಯುವಂಥದ್ದು 18ನೇ ಶತಮಾನದವರೆಗೆ ಇರಲಿಲ್ಲ. ಅಕ್ಷಾಂಶ ಮಾತ್ರ ಆಕಾಶದಲ್ಲೇ ಬರೆದಿದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಅಕ್ಷಾಂಶ. ನಿಕಿತಿನ್‌ನ ಊರು ತ್ವೆರ್‌ನಲ್ಲಿ 57 ಡಿಗ್ರಿ, ಬೀದರ್‌ನಲ್ಲಿ 18. ಬೀದರ್‌ನ ಆಕಾಶದಲ್ಲಿ ಸಪ್ತರ್ಷಿ ಮಂಡಲ ಯಾವ ಕಡೆ ತಲೆ ಮಾಡಿ ನಿಂತಿತ್ತು ಅಂತಲೂ ಅವನು ಬರೆದಿಟ್ಟಿದ್ದಾನೆ.

ಅರಬ್ ನಾವಿಕರ ಹತ್ತಿರ ಇದಕ್ಕೊಂದು ಉಪಕರಣ ಇತ್ತು, ಹೆಸರು ಕಮಾಲ್ (ಕಮಲಾಪುರಕ್ಕೂ ಇದಕ್ಕೂ ಸಂಬಂಧ ಇಲ್ಲ!). ಒಂದು ಮರದ ಹಲಗೆ, ನಡುವೆ ತೂತು, ಅದರಿಂದ ಗಂಟು ಹಾಕಿದ ದಾರ. ಗಂಟನ್ನು ಹಲ್ಲಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವಕ್ಕೆ ತಾಗುವ ಹಾಗೆ ಹಿಡಿಯೋದು. ಯಾವ ಗಂಟಿಗೆ ಹೊಂದಿತೋ ಅದೇ ನಿಮ್ಮ ಬಂದರು.

ಪಾಲಿನೇಷ್ಯದವರಿಗೆ ಹಲಗೆಯೂ ಬೇಕಿರಲಿಲ್ಲ. ಬಾಳೆ ಕಂದುಗಳನ್ನು ದೋಣಿಯಲ್ಲಿಟ್ಟುಕೊಂಡು ಹೋಗಿ ಹವಾಯಿಯಲ್ಲಿ ನೆಟ್ಟವರು ಅವರೇ; ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ಈ ಮಾತು ಇಷ್ಟ ಆಗಬೇಕು. ಯಾವ ನಕ್ಷತ್ರ ಯಾವ ದ್ವೀಪದ ನೆತ್ತಿ ಮೇಲೆ ಹಾಯುತ್ತದೆ ಅಂತ ನೆನಪಿಟ್ಟರೆ ಸಾಕು. ಒಂದು ಡಿಗ್ರಿ ತಪ್ಪಿದರೆ 111 ಕಿಲೋಮೀಟರ್ ಆಚೆ, ದ್ವೀಪ ಕಣ್ಣಿಗೇ ಬೀಳಲ್ಲ. ಅದಕ್ಕೆ ನೇರ ದ್ವೀಪಕ್ಕೇ ಗುರಿ ಇಡದೆ, ಮೊದಲು ಗಾಳಿ ಬರುವ ಪೂರ್ವ ದಿಕ್ಕಿನಲ್ಲಿ ಅದೇ ಅಕ್ಷಾಂಶಕ್ಕೆ ಬಂದು, ಆಮೇಲೆ ಪಶ್ಚಿಮಕ್ಕೆ ತಿರುಗೋದು. ಇನ್ನೊಂದು ಅನ್‌ನೋನ್ ಬೇಕಾಗೇ ಇಲ್ಲ! ಈ ವಿದ್ಯೆ ಬರೀ ಕಥೆ ಅಂದವರಿಗೆ ಉತ್ತರವಾಗಿ 1976ರಲ್ಲಿ ಮೌ ಪಿಯಾಯ್ಲುಗ್ ಎಂಬ ನಾವಿಕ ಯಾವ ಉಪಕರಣವೂ ಇಲ್ಲದೆ ‘ಹೊಕುಲೆಯಾ’ ದೋಣಿಯನ್ನು ಹವಾಯಿಯಿಂದ ತಾಹಿತಿಗೆ ಒಂದು ತಿಂಗಳಲ್ಲಿ ಮುಟ್ಟಿಸಿದ.

ಹೊಕುಲೆಯಾ ಅಂದ್ರೆ ಹವಾಯಿಯ ನೆತ್ತಿ ಮೇಲೆ ಹಾಯುವ ನಕ್ಷತ್ರ. ಅದೇ ನಮ್ಮ ಸ್ವಾತಿ! ಕಲಬುರಗಿ ಇರೋದು 17.3 ಡಿಗ್ರಿಯಲ್ಲಿ, ಸ್ವಾತಿ ಹಾಯೋದು 19ರ ಮೇಲೆ. ಹಾಗಾಗಿ ನಮ್ಮ ನೆತ್ತಿಯಿಂದ ಕೈಚಾಚಿ ಹಿಡಿದ ಒಂದು ಬೆರಳಿನಷ್ಟು ಉತ್ತರಕ್ಕೆ ಕಾಣುತ್ತದೆ.

ನೋಡಬೇಕು ಅಂದ್ರೆ ಮೇ ತಿಂಗಳ ಮಧ್ಯದಲ್ಲಿ, ರಾತ್ರಿ 11ರ ಸುಮಾರಿಗೆ. ಸಪ್ತರ್ಷಿಯ ಬಾಲದ ಬಾಗು ಹಿಡಿದು ಮುಂದೆ ಹೋದರೆ ಸಿಗುವ ಕಿತ್ತಳೆ ಬಣ್ಣದ ಚುಕ್ಕಿ ಅದು. ಸ್ವಾತಿ ಕ್ಯಾಂಪಸ್ಸಿನಿಂದಲೇ ಕಾಣುತ್ತದೆ. ಧ್ರುವ ಮಂಕು, ಸಿಟಿ ಲೈಟಿನಲ್ಲಿ ಕಷ್ಟ; ಕಮಲಾಪುರದ ಕಡೆ, ಉತ್ತರಕ್ಕೆ ಬಯಲಿರುವ ಹೊಲ ಹುಡುಕಬೇಕು. 30 ಸೆಂಟಿಮೀಟರ್ ಸ್ಕೇಲಿಗೆ ದಾರ ಕಟ್ಟಿ, ಕಣ್ಣಿನಿಂದ 57 ಸೆಂಟಿಮೀಟರ್ ದೂರ ಹಿಡಿದರೆ ಒಂದು ಸೆಂಟಿಮೀಟರ್ ಅಂದ್ರೆ ಒಂದು ಡಿಗ್ರಿ. ಧ್ರುವ ಹದಿನೇಳೂವರೆ ಹತ್ತಿರ ಸಿಗಬೇಕು. ಕಲಬುರಗಿಗೂ ಕಮಲಾಪುರಕ್ಕೂ ಇರುವ ವ್ಯತ್ಯಾಸ ಕಾಲು ಡಿಗ್ರಿ, ಸ್ಕೇಲಿನಲ್ಲಿ ಎರಡೂವರೆ ಮಿಲಿಮೀಟರ್. ಕೈ ನಡುಗಿದರೆ ಅದೂ ಹೋಯ್ತು. ಜೂನ್ ಬಂತಂದ್ರೆ ಮೋಡ, ಆಮೇಲೆ ಮುಂದಿನ ವರ್ಷವೇ.