ಗ್ರಾಹಕನ ಮನೆಯಲ್ಲಿ ಕಲಿತ ಪಾಠ

ಅಂಗಿಯನ್ನು ಹೊಲಿಯುವ ಮುನ್ನ ದರ್ಜಿಯು ಅಳತೆ ತೆಗೆದುಕೊಳ್ಳುವನಷ್ಟೆ. ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರು ಯಾವ ಅಳತೆಯನ್ನು ತೆಗೆಯಬೇಕು?

ಅಮೆರಿಕದಲ್ಲಿ 1983ರಲ್ಲಿ ಸ್ಥಾಪಿತವಾದ ಇನ್‌ಟ್ಯುಯಿಟ್ ಸಂಸ್ಥೆಯು ಮನೆಯ ಲೆಕ್ಕಕ್ಕಾಗಿ ‘ಕ್ವಿಕನ್’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ನೌಕರರು ಅದನ್ನು ಕೊಂಡವರ ಒಪ್ಪಿಗೆ ಪಡೆದು, ಅವರ ಮನೆಗೇ ಹೋಗಿ, ಅವರು ಎಲ್ಲಿ ತಡವರಿಸುವರೆಂಬುದನ್ನು ನೋಡುತ್ತಿದ್ದರು. ಅನೇಕರು ಅದನ್ನು ವ್ಯಾಪಾರದ ಲೆಕ್ಕಕ್ಕೆ ಬಳಸುತ್ತಿರುವುದು ಸಂಸ್ಥೆಗೆ ಕ್ರಮೇಣ ತಿಳಿದುಬಂದಿತು. ಲೆಕ್ಕಶಾಸ್ತ್ರವನ್ನರಿಯದ ಸಣ್ಣ ವ್ಯಾಪಾರಿಗಳಿಗೆ, ಪರಿಭಾಷೆ ತುಂಬಿದ ಬೇರೆ ತಂತ್ರಾಂಶಗಳು ಕ್ಲಿಷ್ಟವಾಗಿದ್ದುವು. ಈ ಅರಿವಿನ ಫಲವಾಗಿ 1992ರಲ್ಲಿ ‘ಕ್ವಿಕ್‌ಬುಕ್ಸ್’ ಜನಿಸಿತು.

ಗ್ರಾಹಕನು ಬಾಯಿಂದ ಹೇಳುವುದು ಒಂದು, ಕೈಯಿಂದ ಮಾಡುವುದು ಇನ್ನೊಂದು ಆಗಿರಬಹುದು. 2001ರಲ್ಲಿ 17 ಮಂದಿ ತಜ್ಞರು ಸಾರಿದ ‘ಅಜೈಲ್’ ಸೂತ್ರಗಳು, ತಂತ್ರಾಂಶವನ್ನು ಆಗಾಗ ಗ್ರಾಹಕನ ಕೈಗಿತ್ತು ತಿದ್ದುತ್ತ ಸಾಗಲು ದಾರಿ ತೋರಿದುವು. ತಪ್ಪು ಚಿಕ್ಕದಿರುವಾಗಲೇ ಕಂಡರೆ, ತಿದ್ದುವ ವೆಚ್ಚವೂ ಚಿಕ್ಕದಲ್ಲವೆ?