ಸಸಿ ತರುವ ಮೊದಲು ಗುಂಡಿ ತೆಗೆಸಿ

ಬಾಬಾಬುಡನ್‌ಗಿರಿ ತಪ್ಪಲಿನ ನಿಮ್ಮ ಗುಡ್ಡದ ಮಣ್ಣಿನ ವರದಿ ನೋಡಿದೆ. ಸಾವಯವ ಇಂಗಾಲ ಚೆನ್ನಾಗಿದೆ, ಹಾಗಾಗಿ ಇಡೀ ಗುಡ್ಡಕ್ಕೆ ಕಾಡುಮರ ಹಾಕಬಹುದಲ್ಲವೇ ಎಂದು ಕೇಳಿದ್ದೀರಿ. ವರದಿ ಸುಳ್ಳಲ್ಲ, ಆದರೆ ಅದು ಹೇಳುತ್ತಿರುವುದು ಮೇಲಿನ ಒಂದು ಗೇಣಿನ ಕಥೆ ಮಾತ್ರ. ತಂಪು ಎತ್ತರದಲ್ಲಿ ಹುಲ್ಲಿನ ಬೇರು ನಿಧಾನವಾಗಿ ಕೊಳೆಯುವುದರಿಂದ ಮೇಲ್ಮಣ್ಣು ಕಪ್ಪಗೆ, ಇಂಗಾಲಭರಿತವಾಗಿರುತ್ತದೆ. ಮರಕ್ಕೆ ಅದಕ್ಕಿಂತ ಮುಖ್ಯವಾದದ್ದು ಆಳ. ಮಳೆಗಾಲ ಕಳೆದ ಮೇಲೆ ನೆತ್ತಿ, ಇಳಿಜಾರು, ಕಣಿವೆ ಮೂರೂ ಕಡೆ ಒಂದು ಮೀಟರ್ ಗುಂಡಿ ತೆಗೆಸಿ. ಎರಡು ಗೇಣಿಗೇ ಹಾರೆ ಠಣ್ಣೆಂದರೆ, ಹಿಡಿಮಣ್ಣು ಬೆರಳ ಸಂದಿನಲ್ಲಿ ಬರೀ ಜಲ್ಲಿಯಾಗಿ ಉದುರಿದರೆ, ಬೇಸಿಗೆಗೆ ಅಲ್ಲಿ ಸಸಿಗೆ ನೀರು ಉಳಿಯದು. ಗುಂಡಿಯ ಗೋಡೆಯಲ್ಲಿ ಬೂದು ಮಚ್ಚೆಗಳಿದ್ದರೆ ಅದು ನೀರು ನಿಲ್ಲುವ ಜಾಗ. ಬೇರು ತಳದವರೆಗೂ ಸಲೀಸಾಗಿ ಇಳಿದಿರುವ ಕಡೆ ಮಾತ್ರ ನೆಡಿ. ಶೋಲಾ ಕಾಡು ಕಣಿವೆಯ ಮಡಿಲು ಹಿಡಿದು ಕೂತಿರುವುದಕ್ಕೆ ಇದೂ ಒಂದು ಕಾರಣ.

ಬೋಳುಗುಡ್ಡದಲ್ಲೂ ಅಕೇಶಿಯಾ ಎದ್ದಿತಲ್ಲ ಎನ್ನುವವರಿದ್ದಾರೆ. ಎದ್ದಿತು, ನಿಜ. ಬೇರಿನ ಗಂಟುಗಳ ಸೂಕ್ಷ್ಮಾಣುಗಳ ನೆರವಿನಿಂದ ಗಾಳಿಯ ಸಾರಜನಕ ಪಡೆಯುವ ಮರ ಅದು. ಬಡ ಮಣ್ಣಿನಲ್ಲೂ ಬದುಕುವುದು ಅದರ ತಾಕತ್ತು, ಮಣ್ಣಿನ ಯೋಗ್ಯತೆಗೆ ಸಾಕ್ಷಿಯಲ್ಲ. ಇನ್ನು, ಹುಲ್ಲುಗಾವಲೆಂದರೆ ಕಡಿದ ಕಾಡೇ ಎಂಬ ವಾದವೂ ನಿಲ್ಲದು. ನೀಲಗಿರಿ ಬೆಟ್ಟಗಳ ಜೌಗು ಪದರಗಳ ಇಂಗಾಲ ವಿಶ್ಲೇಷಣೆ 1993ರಲ್ಲೇ ಪ್ರಕಟವಾಗಿದೆ. ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿತ್ತೆಂದು ಅದು ತೋರಿಸುತ್ತದೆ. ಆದ್ದರಿಂದ ನಿಮ್ಮ ಗುಡ್ಡದ ನೆತ್ತಿಯ ಹುಲ್ಲನ್ನೂ ಮುಟ್ಟಬೇಡಿ. ಮಣ್ಣು ಹುಳಿಯೆಂದು ಸುಣ್ಣ ಸುರಿಯುವುದೂ ಬೇಡ, ಈ ಗುಡ್ಡಗಳ ಕಾಡುಮರಗಳಿಗೆ ಆ ಹುಳಿ ಒಗ್ಗಿದೆ.