ಮಾದರಿ ಟ್ಯಾಂಕಿನ ಬಣ್ಣವೂ ಸರಕಿನ ವಿವರಣೆಯೇ

ಸಂಗ್ರಾಹಕರಿಗಾಗಿ ತಯಾರಾಗುವ ಸೇನಾ ವಾಹನಗಳ ಕಿರುಮಾದರಿಗಳಲ್ಲಿ ಬಣ್ಣವು ಕೇವಲ ಅಲಂಕಾರವಲ್ಲ. ಪೆಟ್ಟಿಗೆಯ ಮೇಲೆ 'ಫ್ರಾನ್ಸ್, 1940' ಎಂದು ಮುದ್ರಿಸಿ, ಒಳಗಿನ ಜರ್ಮನ್ ಟ್ಯಾಂಕಿಗೆ ಕಡುಹಳದಿ ಬಳಿದಿದ್ದರೆ ಅದು ತಪ್ಪು ಸರಕು. ಆ ಹಳದಿಯನ್ನು ಮೂಲಬಣ್ಣವಾಗಿಸಿದ ಆಜ್ಞೆ ಹೊರಟದ್ದು 1943ರ ಫೆಬ್ರವರಿಯಲ್ಲಿ. ಹಾಗೆಂದು ಬರಿಯ ಬೂದು ಬಳಿದರೂ ಸಾಲದು. 1940ರ ಜುಲೈವರೆಗಿನ ನಿಯಮದಂತೆ ಮೂರರಲ್ಲಿ ಎರಡು ಪಾಲು ಕಡುಬೂದು, ಒಂದು ಪಾಲು ಕಡುಕಂದು. ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಇವೆರಡೂ ಒಂದಾಗಿಯೇ ಕಾಣುವುದರಿಂದ ಮಾದರಿ ತಯಾರಕರು ಬಹುಕಾಲ ಬೂದನ್ನಷ್ಟೇ ಬಳಿದರು. ಛಾಯಾಚಿತ್ರದ ಜೊತೆಗೆ ಆಜ್ಞಾಪತ್ರವನ್ನೂ ನೋಡಬೇಕು. ವೋಚರಿಲ್ಲದ ನಮೂದನ್ನು ಲೆಕ್ಕಪರಿಶೋಧಕರು ಒಪ್ಪುವರೇ?

ನಮ್ಮ ಸರಕು ಮಾರಾಟ ಕಾಯಿದೆ, 1930ರ 15ನೆಯ ಕಲಮಿನಂತೆ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ತಿರಸ್ಕೃತವಾಗಿ ಮರಳಿದ ದಾಸ್ತಾನು ವೆಚ್ಚಕ್ಕಿಂತ ಕಡಿಮೆಯಾದ ಆಟಿಕೆಯ ಬೆಲೆಗಷ್ಟೇ ಮಾರಾಟವಾಗುವಂತಿದ್ದರೆ, ವರ್ಷಾಂತ್ಯದ ಲೆಕ್ಕದಲ್ಲಿ ಅದರ ಮೌಲ್ಯವನ್ನೂ ಅಷ್ಟಕ್ಕೇ ಇಳಿಸಬೇಕಾಗುತ್ತದೆ.